ಡಬಲ್ಲು, ಡಬ್ಬಿ ಮತ್ತು ಹಗ್ಗ

ಆ ಏಳಂತಸ್ತಿನ ಕಚೇರಿ ಕಟ್ಟಡದ ಲಿಫ್ಟಿನೊಳಗೆ ಒಂದು ಹಿತ್ತಾಳೆ ಫಲಕವಿತ್ತು. ‘ಎಂಟು ಜನರಿಗೆ ಮಾತ್ರ’ ಎಂದು ಅದರ ಮೇಲೆ ಕೆತ್ತಿತ್ತು. ಲಿಫ್ಟು ಮಾಡಿದವರು ಪ್ರಾಮಾಣಿಕರೇ ಇರಬೇಕು. ಆದರೆ ಅದನ್ನು ನಡೆಸುವವನನ್ನು ಅವರು ನೋಡಿರಲಿಲ್ಲ. ಬಟನ್‌ಗಳ ಪಕ್ಕದ ಸ್ಟೂಲಿನ ಮೇಲೆ ಅವನು ಕೂತ ಮೇಲೆ ಒಳಗೆ ಆರು ಜನ ಹಿಡಿಯುತ್ತಿದ್ದರು. ಏಳನೆಯವರು ಕಾಲಿಟ್ಟರೆ ಗಂಟೆ ಬಡಿದುಕೊಳ್ಳುತ್ತಿತ್ತು. ಆ ಏಳನೆಯವರು ಇಳಿದುಹೋಗುವ ಮುಂಚೆ ಅವನ ಹೊಟ್ಟೆಯ ಕಡೆ ಒಂದು ನೋಟ ಬಿಟ್ಟೇ ಹೋಗುತ್ತಿದ್ದರು. ಇಬ್ಬರ ಜಾಗ ಹಿಡಿಯುವವನೆಂದು ಕಟ್ಟಡದವರೆಲ್ಲ ಸೇರಿ ಅವನಿಗೆ ಡಬಲ್ ಎಂದು ಹೆಸರಿಟ್ಟಿದ್ದರು. ಸಂಬಳ ಕೊಡುವಾಗ ಮಾತ್ರ ಆ ಹೆಸರು ಯಾರಿಗೂ ನೆನಪಾಗುತ್ತಿರಲಿಲ್ಲ.

ವರ್ಷಕ್ಕೊಂದು ದಿನ ಆ ಹೆಸರಿಗೂ ಮರ್ಯಾದೆ ಬರುತ್ತಿತ್ತು. ಅದು ಕಚೇರಿಯ ಕ್ರೀಡಾದಿನ. ಅವತ್ತು ಮೇಲಿನವರಿಗೂ ಕೆಳಗಿನವರಿಗೂ ಹಗ್ಗಜಗ್ಗಾಟ. ಮೇಲಿನವರೆಂದರೆ ಲೆಕ್ಕಪತ್ರ ವಿಭಾಗದ ಗುಮಾಸ್ತರು. ಕೆಳಗಿನವರೆಂದರೆ ಕಾವಲುಗಾರರು, ಡ್ರೈವರುಗಳು, ಪ್ಲಂಬರು, ಮತ್ತು ಇವರಿಗೆಲ್ಲ ನಾಯಕನಾದ ಎಲೆಕ್ಟ್ರಿಷಿಯನ್. ಹಗ್ಗದ ತುದಿಯನ್ನು ಡಬಲ್‌ನ ಸೊಂಟಕ್ಕೆ ಸುತ್ತುತ್ತಿದ್ದರು. ಸೀಟಿ ಊದಿದ ಕೂಡಲೇ ಅವನು ಹಿಂದಕ್ಕೆ ವಾಲಿ ಕೂತುಬಿಡುತ್ತಿದ್ದ. ಎಳೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಕೂರುವುದಷ್ಟೇ ಅವನ ಪಾಲಿನ ಕ್ರೀಡೆ. ಮೇಲಿನವರು ಕಟ್ಟಡವನ್ನೇ ಎಳೆದವರಂತೆ ಎಳೆದೆಳೆದು, ಕೊನೆಗೆ ಉರಿಯುವ ಅಂಗೈಗೆ ಉಫ್ ಎಂದು ಊದಿಕೊಳ್ಳುತ್ತ ಹಗ್ಗ ಬಿಡುತ್ತಿದ್ದರು.

ಇಂಥ ಡಬಲ್‌ಗೆ ಮಂಡಿನೋವು ಬಂತು. ಅದರ ಹಿಂದೆಯೇ ಸಕ್ಕರೆ ಕಾಯಿಲೆ ಬಂತು. ಆಮೇಲೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರತೊಡಗಿತು. ಅವನ ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಟೈಲರ್. ದಿನವಿಡೀ ಹೊಲಿದು ಬಂದವಳಿಗೆ ನಿದ್ದೆಯಿಲ್ಲದಂತಾಯಿತು.

"ಬೇರೆ ಹೆಂಗಸರು ಗಂಡ ಗೊರಕೆ ಹೊಡೀತಾನೆ ಅಂತ ಗೋಳಾಡ್ತಾರೆ. ನಾನು ಗೊರಕೆ ನಿಂತೋಯ್ತಲ್ಲ ಅಂತ ಎದ್ದು ಕೂರ್ತೀನಿ" ಎಂದು ಅವಳೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಆಪರೇಷನ್ ಮಾಡಿ ಹೊಟ್ಟೆಯ ಚೀಲವನ್ನೇ ಚಿಕ್ಕದು ಮಾಡಬೇಕೆಂದರು. ಡಬಲ್ ಎರಡು ದಿನ ಬೆವರಿ, ಮೂರನೆಯ ದಿನ ಒಪ್ಪಿದ. ಆದರೆ ಒಂದು ಷರತ್ತು ಹಾಕಿದ.

"ಯಾರಿಗೂ ಗೊತ್ತಾಗಬಾರದು."

"ಯಾಕ್ರೀ, ಕಳ್ಳತನ ಮಾಡ್ತಿದೀರಾ?"

"ಬಾಯಿ ಕಟ್ಟೋಕಾಗ್ದೆ ಹೊಟ್ಟೆ ಕಟ್ಟಿಸ್ಕೊಂಡ ಅಂತಾರೆ ಕಣೇ. ಏಳಂತಸ್ತಿಗೂ ಈ ಮಾತು ಹೋಗುತ್ತೆ. ಒಂದೊಂದು ಅಂತಸ್ತಿಗೂ ಅದನ್ನ ನಾನೇ ಲಿಫ್ಟಲ್ಲಿ ಕರ್ಕೊಂಡು ಹೋಗಿ ಬಿಡ್ಬೇಕು."

ಆಸ್ಪತ್ರೆಯಲ್ಲಿ ಒಬ್ಬ ಆಹಾರ ತಜ್ಞೆ ಇದ್ದರು. ಮೆಲುದನಿಯ ಹೆಂಗಸು, ಹೆದರಿಸಬೇಕೆಂಬ ಉದ್ದೇಶ ಅವರಿಗೆ ಎಳ್ಳಷ್ಟೂ ಇರಲಿಲ್ಲ.

"ಆಪರೇಷನ್‌ಗೆ ಮುಂಚೆ ಅನ್ನ, ಬ್ರೆಡ್ಡು, ಸಿಹಿ ಎಲ್ಲ ಬಿಟ್ಟು ಪ್ರೋಟೀನ್ ತಗೋಬೇಕು. ಆಗ ಲಿವರ್ ಸ್ವಲ್ಪ ಕುಗ್ಗುತ್ತೆ, ಡಾಕ್ಟರಿಗೆ ಒಳಗೆ ಕೆಲಸ ಮಾಡೋಕೆ ಜಾಗ ಸಿಗುತ್ತೆ. ಆಮೇಲಂತೂ ಇನ್ನೂ ಮುಖ್ಯ. ಎರಡು ಮೂರು ಚಮಚಕ್ಕೇ ಹೊಟ್ಟೆ ತುಂಬಿಬಿಡುತ್ತೆ. ಆದ್ರಿಂದ ಮೊದಲು ಪ್ರೋಟೀನೇ ಒಳಗೆ ಹೋಗ್ಬೇಕು. ದಿನಕ್ಕೆ ಅರವತ್ತು ಗ್ರಾಮಾದ್ರೂ ಬೇಕು. ಸಾಲದೆ ಹೋದ್ರೆ ಗಾಯ ಬೇಗ ಮಾಯೋಲ್ಲ, ದೇಹ ತನ್ನ ಸ್ನಾಯುವನ್ನೇ ತಿನ್ನೋಕೆ ಶುರು ಮಾಡುತ್ತೆ."

ಡಬಲ್ ಕುರ್ಚಿಯಲ್ಲಿ ನೆಟ್ಟಗಾದ. "ತಿನ್ನುತ್ತಾ?"

"ಹೌದು."

"ಯಾವ ಕಡೆಯಿಂದ ಮೇಡಂ?"

"ಕಡೆ ಅಂತೇನಿಲ್ಲ. ಎಲ್ಲಾ ಕಡೆಯಿಂದ."

"ತಿನ್ನೋವಾಗ ನಮಗೆ ಗೊತ್ತಾಗುತ್ತಾ?"

ಆಹಾರ ತಜ್ಞೆ ಅವನ ಹೆಂಡತಿಯ ಮುಖ ನೋಡಿದರು. ಹೆಂಡತಿ ಕಿಟಕಿಯಾಚೆ ನೋಡಿದಳು.

ಅಂದು ಸಂಜೆ ಡಬಲ್ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದು ಮೊಟ್ಟೆ ಇಟ್ಟು ತೂಗಿಸಿದ. ಸರಿಯಾಗಿ ಅರವತ್ತು ಗ್ರಾಂ ಬಂತು. ಒಂದು ಮೊಟ್ಟೆಗೆ ಮುಗಿಯುವ ಕೆಲಸಕ್ಕೆ ಇಷ್ಟು ದೊಡ್ಡ ಆಸ್ಪತ್ರೆಯವರು ಇಷ್ಟು ಹೆದರಿಸಬೇಕಿತ್ತೆ ಎಂದು ಹಗುರಾಗಿ ಮನೆಗೆ ಬಂದ. ಮುಂದಿನ ಭೇಟಿಯಲ್ಲಿ ಆಹಾರ ತಜ್ಞೆ ಆ ಸಂತೋಷವನ್ನು ತೆಗೆದುಬಿಟ್ಟರು.

"ಅದು ಮೊಟ್ಟೆ ತೂಕ. ಅದರೊಳಗಿರೋ ಪ್ರೋಟೀನ್ ಆರೇ ಗ್ರಾಂ."

"ಮತ್ತೆ ಉಳಿದಿದ್ದೆಲ್ಲ ಏನು ಮೇಡಂ?"

"ಮುಕ್ಕಾಲು ಪಾಲು ನೀರು."

"ಮೋಸ" ಎಂದ ಡಬಲ್. ಆ ಮಾತು ಕೋಳಿಗೆ ಸೇರಿದ್ದು.

ಮೊಟ್ಟೆ, ಮೊಸರು, ಮೀನು ಇವುಗಳ ಜೊತೆಗೆ ಪ್ರೋಟೀನ್ ಪುಡಿಯೂ ಬೇಕೆಂದಾಯಿತು. ಆಸ್ಪತ್ರೆಯವರು ಹೇಳಿದ ಜಾತಿಯ ಪುಡಿಯನ್ನೇ ಹೆಂಡತಿ ತಂದಳು. ಆದರೆ ಅದರ ಡಬ್ಬಿ ಬಕೆಟ್ಟಿನಷ್ಟಿತ್ತು. ಡಬ್ಬಿಯ ಮೇಲೊಬ್ಬ ಮನುಷ್ಯನ ಚಿತ್ರವಿತ್ತು. ಅವನಿಗೆ ಕುತ್ತಿಗೆಯೆಂಬುದೇ ಇರಲಿಲ್ಲ. ಭುಜದಿಂದ ನೇರವಾಗಿ ತಲೆ ಶುರುವಾಗಿತ್ತು. ಹಲ್ಲು ಕಚ್ಚಿಕೊಂಡು ಅವನು ಒಂದು ಲಾರಿ ಎಳೆಯುತ್ತಿದ್ದ.

ಈ ಡಬ್ಬಿಯನ್ನು ಡಬಲ್ ಲಿಫ್ಟಿನಲ್ಲಿ ಸ್ಟೂಲಿನ ಕೆಳಗಿಟ್ಟು, ಮೇಲೊಂದು ಟವೆಲ್ ಹೊದಿಸಿದ. ಮಧ್ಯೆ ಮಧ್ಯೆ ಖಾಲಿ ಲಿಫ್ಟಿನಲ್ಲಿ ಪುಡಿ ಕಲಸಿಕೊಂಡು ಗಟಗಟ ಕುಡಿಯುತ್ತಿದ್ದ. ಅವನ ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಲಿಫ್ಟಿನ ಫ್ಯಾನು ಕೆಡಬಹುದೆಂಬುದೊಂದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಫ್ಯಾನು ಕೆಟ್ಟಿತು. ಎಲೆಕ್ಟ್ರಿಷಿಯನ್ ಬಂದು, ಹತ್ತಿ ನಿಲ್ಲಲು ಸ್ಟೂಲ್ ಎಳೆದ. ಟವೆಲ್ ಜಾರಿತು. ಲಾರಿ ಎಳೆಯುವವನು ಪ್ರತ್ಯಕ್ಷನಾದ.

"ಇದೇನು ಗುರು?"

"ಅದಾ? ಅದು ಶಕ್ತಿಗೆ."

"ಶಕ್ತಿ ಯಾಕೆ? ಸ್ಟೂಲ್ ಮೇಲೆ ಕೂರೋಕಾ?"

ಇಲ್ಲಿ ಡಬಲ್ ನಿಜ ಹೇಳಬಹುದಿತ್ತು. ಲಿಫ್ಟಿನಲ್ಲಿ ಇಬ್ಬರೇ ಇದ್ದರು, ಬಾಗಿಲೂ ಮುಚ್ಚಿತ್ತು. ಆದರೆ ಚಿತ್ರದವನು ಹಲ್ಲು ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದ.

"ಕ್ರೀಡಾದಿನ ಬರ್ತಿದೆಯಲ್ಲ" ಎಂದುಬಿಟ್ಟ.

ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನ ಕಣ್ಣು ತೇವವಾಯಿತು. "ಇಷ್ಟು ವರ್ಷ ಬರೀ ಕೂತೇ ಗೆಲ್ಲಿಸಿದೆ. ಇನ್ನು ಎಳೆಯೋಕೂ ಶುರು ಮಾಡಿದ್ರೆ ಏನು ಕಥೆ ಅವರದ್ದು?"

ಮಧ್ಯಾಹ್ನ ಊಟದ ಹೊತ್ತಿಗೆ ಸುದ್ದಿ ಏಳಂತಸ್ತಿಗೂ ಮುಟ್ಟಿತು. ಅದನ್ನು ಒಂದೊಂದೇ ಅಂತಸ್ತಿಗೆ ಮುಟ್ಟಿಸಿದ್ದು ಡಬಲ್‌ನ ಲಿಫ್ಟೇ. ಕಾವಲುಗಾರರು ಅವನಿಗೆ ಸೆಲ್ಯೂಟ್ ಹೊಡೆಯತೊಡಗಿದರು. ಡ್ರೈವರುಗಳು ಸರದಿಯಲ್ಲಿ ಬಂದು ಅವನ ತೋಳು ಹಿಸುಕಿ, ಏನೂ ಸಿಗದಿದ್ದರೂ ತಲೆದೂಗಿ ಹೋದರು. ಕ್ಯಾಂಟೀನಿನವನು ಬೇಯಿಸಿದ ಮೊಟ್ಟೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಖುದ್ದಾಗಿ ಬಂದ.

"ಇದು ನನ್ನ ಕಡೆಯಿಂದ. ತಿನ್ನಿ. ಮೇಲಿನವರು ನನ್ನ ಅಡುಗೇಲಿ ಉಪ್ಪು ಜಾಸ್ತಿ ಅಂತ ದೂರು ಬರೆದಿದ್ದಾರೆ. ಅವರ ಮೊಣಕೈ ಕಿತ್ತು ಬರೋ ಹಾಗೆ ಎಳೀಬೇಕು ನೀವು."

ಆಪರೇಷನ್‌ಗೆಂದು ರಜೆ ಕೇಳುವ ದಿನ ಬಂದಾಗ ಡಬಲ್‌ಗೆ ಸುಳ್ಳು ಹೊಸೆಯುವ ಕಷ್ಟವೂ ಉಳಿಯಲಿಲ್ಲ. ಎಲೆಕ್ಟ್ರಿಷಿಯನ್ನೇ ಒದಗಿಸಿದ.

"ತರಬೇತಿ ಶಿಬಿರಕ್ಕಾ?"

"ಒಂಥರಾ ಹಾಗೇ."

"ಕೋಚ್ ಯಾರು?"

"ಒಬ್ಬ ಡಾಕ್ಟ್ರು."

"ಡಾಕ್ಟ್ರೇ ಕೋಚಾ! ಏನು ಹೇಳ್ಕೊಡ್ತಾರಂತೆ?"

"ಹೊಟ್ಟೆಗೆ ಸಂಬಂಧಪಟ್ಟಿದ್ದು."

"ಅಷ್ಟೇ ಮತ್ತೆ" ಎಂದ ಎಲೆಕ್ಟ್ರಿಷಿಯನ್, ಗುಂಪಿನ ಕಡೆ ತಿರುಗಿ. "ನಮ್ಮ ಬಲ ಇರೋದೇ ಅಲ್ಲಿ. ಡಾಕ್ಟ್ರು ತಿಳಿದವರು."

ಆಪರೇಷನ್ ಸುಸೂತ್ರವಾಯಿತು. ಡಬಲ್ ಮನೆಗೆ ಬಂದು ಮಲಗಿದ. ಅಳಿಯನಿಗೆ ಹೊಟ್ಟೆಯಲ್ಲಿ ಏನೋ ಸಣ್ಣ ಆಪರೇಷನ್ ಎಂದಷ್ಟೇ ತಿಳಿದಿದ್ದ ಅತ್ತೆ ನೋಡಿಕೊಳ್ಳಲು ಬಂದರು. ಬಂದವರು ಮೊದಲು ಕಂಡದ್ದು, ತಮ್ಮ ಮಗಳು ಗಂಡನಿಗೆ ಔಷಧಿ ಕುಡಿಸುವ ಪುಟ್ಟ ಲೋಟದಲ್ಲಿ ಏನೋ ಬಿಳಿಯ ನೀರು ಕುಡಿಸಿ, "ಸಾಕು, ಇನ್ನು ಬೇಡ" ಎಂದು ಲೋಟ ಕಸಿದುಕೊಂಡದ್ದು. ಅತ್ತೆಯ ಕರುಳು ಕಿತ್ತು ಬಂತು.

"ಏನೇ ಇದು? ಮನುಷ್ಯನಿಗೆ ಹಾಕೋ ಊಟವಾ? ಗುಬ್ಬಿಗೂ ಸಾಲಲ್ಲ."

"ಅಮ್ಮ, ಡಾಕ್ಟ್ರು ಹೇಳಿರೋದೇ ಅಷ್ಟು."

"ಡಾಕ್ಟ್ರಿಗೇನು, ಅವರ ಅಳಿಯನಾ?"

ಮಗಳು ಅಂಗಡಿಗೆ ಹೋದ ಹೊತ್ತು ನೋಡಿ ಅತ್ತೆ ಒಂದು ಲೋಟ ಹಾಲಿಗೆ ಸಕ್ಕರೆ ಸುರಿದು, ಗಟ್ಟಿಯಾಗಿ ಕಲಸಿ ತಂದರು. "ಕುಡೀರಿ ಅಳಿಯಂದ್ರೇ. ಅವಳಿಗೆ ಹೇಳೋದು ಬೇಡ." ಹಿರಿಯರ ಮಾತು ಮೀರಬಾರದೆಂದು ಡಬಲ್ ಕುಡಿದ. ಕುಡಿದು ಸ್ವಲ್ಪ ಹೊತ್ತಾಗುವುದರೊಳಗೆ ಅವನ ಎದೆ ಢವಢವ ಹೊಡೆದುಕೊಂಡಿತು, ಮೈ ಬೆವರಿತು, ಕೋಣೆ ತಿರುಗಿತು. ಅವನಿಗೆ ಆಹಾರ ತಜ್ಞೆಯ ಮಾತೊಂದೇ ನೆನಪಾಯಿತು. ಫೋನಿನಲ್ಲಿ ಹೆಂಡತಿಯನ್ನು ಹಿಡಿದ.

"ಶುರುವಾಯ್ತು ಕಣೇ."

"ಏನು?"

"ತಿನ್ನೋದು. ಎಡಗಾಲಿಂದ ಹಿಡ್ಕೊಂಡಿದೆ. ಈಗ ಮಂಡಿ ಹತ್ರ ಬಂದಿದೆ."

ಹೆಂಡತಿ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಓಡಿಬಂದಳು. ಬರುತ್ತಲೇ ಆಸ್ಪತ್ರೆಗೆ ಫೋನು ಮಾಡಿದಳು. "ಸಕ್ಕರೆ ಏನಾದ್ರೂ ಕೊಟ್ರಾ?" ಎಂದು ಕೇಳಿದರು ಆಹಾರ ತಜ್ಞೆ. "ಈ ಆಪರೇಷನ್ ಆದವರಿಗೆ ಸಿಹಿ ಒಮ್ಮೆಲೇ ಹೋದ್ರೆ ಹೀಗಾಗುತ್ತೆ. ಮಲಗಿಸಿ, ಸರಿಹೋಗುತ್ತೆ. ಹೋಗದಿದ್ರೆ ಕರ್ಕೊಂಡು ಬನ್ನಿ." ಫೋನಿನ ದನಿ ಕೋಣೆಗೆಲ್ಲ ಕೇಳಿಸಿತು. ಅತ್ತೆ ಗೋಡೆಯಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದರು.

ಅಂದು ಮಗಳು ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮರುದಿನದಿಂದ ಅತ್ತೆ ಬೇರೆಯೇ ಹೆಂಗಸಾದರು. ಮೀನನ್ನು ಮುಳ್ಳು ತೆಗೆದು, ನುಣ್ಣಗೆ ಮಸೆದು, ಮಂಚದ ಪಕ್ಕ ನಿಂತುಬಿಡುತ್ತಿದ್ದರು. "ನೀರು ಆಮೇಲೆ. ಮಾತೂ ಆಮೇಲೆ. ಮೊದಲು ಪ್ರೋಟೀನು." ಡಬಲ್‌ಗೆ ಹಿಂದಿನ ಅತ್ತೆಯೇ ವಾಸಿ ಎನ್ನಿಸಿತು.

ಅವನು ಕೆಲಸಕ್ಕೆ ಮರಳಿದಾಗ ಪ್ಯಾಂಟಿಗೆ ಹೆಂಡತಿ ಎರಡೂ ಕಡೆ ಹಿಡಿದು ಹೊಲಿಗೆ ಹಾಕಿದ್ದಳು. ಕೆನ್ನೆ ಇಳಿದಿತ್ತು. ಏಳನೆಯವರು ಲಿಫ್ಟಿಗೆ ಕಾಲಿಟ್ಟರೂ ಗಂಟೆ ಬಾಯಿಬಿಡಲಿಲ್ಲ. ಯಾರಾದರೂ ಕಾಯಿಲೆಯಾ ಎಂದು ಕೇಳಿಯಾರು, ಆಗ ಹೇಳಿಬಿಡೋಣ ಎಂದುಕೊಂಡೇ ಡಬಲ್ ಬಂದಿದ್ದ. ಯಾರೂ ಕೇಳಲಿಲ್ಲ.

"ನೋಡ್ರೋ" ಎಂದ ಎಲೆಕ್ಟ್ರಿಷಿಯನ್, ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿ. "ಕೊಬ್ಬೆಲ್ಲ ಹೋಗಿ ಬರೀ ಉಕ್ಕು ಉಳಿದಿದೆ. ಇದಕ್ಕೇ ಶಿಬಿರ ಅನ್ನೋದು."

ಮೇಲಿನವರಿಗೆ ದಿಗಿಲಾಯಿತು. ಒಂದು ದಿನ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, ಎಂದೂ ಡಬಲ್‌ನ ಮುಖ ನೋಡಿ ಮಾತಾಡದಿದ್ದ ಸಾಹೇಬರು, ಒಬ್ಬರೇ ಲಿಫ್ಟು ಹತ್ತಿದರು. ಬಾಗಿಲು ಮುಚ್ಚಿದ ಮೇಲೆ ಕೆಮ್ಮಿದರು.

"ಯಾವ ಡಬ್ಬಿ ಅದು?"

"ಸಾರ್, ಅದು ಎಲ್ಲರಿಗೂ ಆಗೋದಲ್ಲ."

"ಕೆಳಗಿನವರಿಗೆ ಮಾತ್ರಾನಾ?"

ಸಾಹೇಬರ ದನಿಯಲ್ಲಿ ಒಂದು ತನಿಖೆಯ ವಾಸನೆ ಇತ್ತು. ಡಬಲ್ ಟವೆಲ್ ಸರಿಸಿ ತೋರಿಸಿಬಿಟ್ಟ.

ಅದರ ಮುಂದಿನ ವಾರದಿಂದ ಲೆಕ್ಕಪತ್ರ ವಿಭಾಗದ ಮೇಜುಮೇಜಿನ ಮೇಲೂ ಲಾರಿ ಎಳೆಯುವವನು ಕಾಣಿಸಿಕೊಂಡ. ಚಮಚದಲ್ಲಿ ಹಾಕಿಕೊಳ್ಳಬೇಕಾದ ಪುಡಿಯನ್ನು ಅವರು ಲೋಟದಲ್ಲಿ ಅಳೆದು ಕುಡಿದರು. ಜೊತೆಗೆ ಕ್ಯಾಂಟೀನಿನ ಮೊಟ್ಟೆಗಳನ್ನೂ ಬರಿದು ಮಾಡಿದರು. ಇದರ ಪರಿಣಾಮವನ್ನು ಅನುಭವಿಸಿದವನು ಡಬಲ್. ಮುಚ್ಚಿದ ಲಿಫ್ಟು ಮೂರನೆಯ ಅಂತಸ್ತು ದಾಟುವ ಮುಂಚೆಯೇ ಒಂದು ವಾಸನೆ ಎದ್ದು, ಎಲ್ಲರೂ ಚಾವಣಿ ನೋಡತೊಡಗುತ್ತಿದ್ದರು. ಹತ್ತಿದವರು ಹತ್ತುತ್ತಿದ್ದರು, ಇಳಿದವರು ಇಳಿಯುತ್ತಿದ್ದರು. ಅಲ್ಲೇ ಉಳಿಯುವವನು ಡಬಲ್ ಒಬ್ಬನೇ ಆದ್ದರಿಂದ ಅಪವಾದವೆಲ್ಲ ಅವನ ತಲೆಗೇ ಬಂತು.

ಆ ತಲೆಯಲ್ಲಿ ಕೂದಲು ಬೇರೆ ಉದುರತೊಡಗಿತ್ತು. ಬಾಚಣಿಗೆ ನೋಡಿ ಅವನ ಜೀವ ಬಾಯಿಗೆ ಬಂತು. ಈಗ ತಲೆಯಿಂದ ತಿನ್ನುತ್ತಿದೆ ಎಂದು ಆಸ್ಪತ್ರೆಗೆ ಓಡಿದ. ಇದು ಎಷ್ಟೋ ಜನರಿಗೆ ಆಗುತ್ತದೆ, ಮತ್ತೆ ಬರುತ್ತದೆ, ಪ್ರೋಟೀನ್ ಮಾತ್ರ ಬಿಡಬೇಡಿ ಎಂದು ಸಮಾಧಾನ ಹೇಳಿ ಆಹಾರ ತಜ್ಞೆ ಅವನನ್ನು ಡಾಕ್ಟರ ಬಳಿ ಕಳಿಸಿದರು. ಡಾಕ್ಟರೆದುರು ಕೂತ ಡಬಲ್ ಇನ್ನೊಂದು ವಿಷಯ ಎತ್ತಿದ.

"ನನ್ನ ಸ್ನೇಹಿತನೊಬ್ಬನಿಗೂ ಇದೇ ಆಪರೇಷನ್ ಆಗಿದೆ ಡಾಕ್ಟ್ರೇ. ಅವನು ಹಗ್ಗ ಎಳೀಬಹುದಾ?"

ಡಾಕ್ಟರು ಅವನನ್ನು ಒಂದು ಗಳಿಗೆ ನೋಡಿದರು. "ಯಾಕೆ ಎಳೀಬೇಕು ನಿಮ್ಮ ಸ್ನೇಹಿತ?"

"ಮಾತು ಕೊಟ್ಟಿದ್ದಾನೆ."

"ಸದ್ಯಕ್ಕೆ ಬೇಡ ಅಂತ ಹೇಳಿ. ಗಾಯದ ಜಾಗದಲ್ಲಿ ಹರ್ನಿಯಾ ಆಗಬಹುದು. ಆಗ ಅವರನ್ನ ಮತ್ತೆ ಇದೇ ಮಂಚದ ಮೇಲೆ ಮಲಗಿಸ್ಬೇಕಾಗುತ್ತೆ."

"ಹೇಳ್ತೀನಿ ಸಾರ್. ಪಾಪ, ಅವನಿಗೆ ಧೈರ್ಯ ಕಮ್ಮಿ."

ಮನೆಗೆ ಬಂದು ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. ಅವಳು ಕೂಗಾಡಲಿಲ್ಲ. "ನಿಮ್ಮ ಉಸಿರು ಈಗ ನಿಲ್ಲದೆ ಬರ್ತಿದೆ. ನಾನೂ ಎಷ್ಟೋ ದಿನದ ಮೇಲೆ ಮಲಗ್ತಿದೀನಿ. ಅದನ್ನ ಹೋಗಿ ಹಗ್ಗಕ್ಕೆ ಕಟ್ತೀರಾ? ನೀವೇ ಹೇಳಿ. ಇಲ್ಲಾಂದ್ರೆ ನಾನು ಬಂದು ಹೇಳ್ತೀನಿ."

ಡಬಲ್ ಹೇಳಲೆಂದೇ ಹೊರಟ, ಒಂದು ದಿನವಲ್ಲ, ದಿನವೂ. ಎಲೆಕ್ಟ್ರಿಷಿಯನ್‌ನ ಬಳಿ ಹೋಗಿ "ನಿನ್ಹತ್ರ ಒಂದು ಮಾತು" ಎಂದರೆ ಅವನು "ಏನೂ ಹೇಳ್ಬೇಡ, ನನಗೆಲ್ಲ ಅರ್ಥ ಆಗುತ್ತೆ" ಎಂದು ಭುಜ ತಟ್ಟಿ ಕಳಿಸುತ್ತಿದ್ದ. ಅಷ್ಟು ಅರ್ಥವಾದವನಿಗೆ ಇನ್ನೇನು ಹೇಳುವುದು ಎಂದು ಡಬಲ್ ಮರಳುತ್ತಿದ್ದ. ಹೀಗೆ ಹೇಳದೆ ಹೇಳದೆ ಕ್ರೀಡಾದಿನ ಬಂದೇಬಿಟ್ಟಿತು.

ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮ್ಯಾನೇಜರು ಸೀಟಿ ಹಿಡಿದು ನಿಂತಿದ್ದರು. ಮೇಲಿನವರ ತಂಡ ಗಟ್ಟಿಯಾಗಿ ನಿಂತಿತ್ತು. ಅವರ ಹಿಂದೆ ಗಾಳಿ ಬೀಸುವ ಕಡೆಗೆ ಮಾತ್ರ ಯಾರೂ ನಿಂತಿರಲಿಲ್ಲ. ಎಲೆಕ್ಟ್ರಿಷಿಯನ್ ಹಗ್ಗದ ತುದಿ ತಂದು ಡಬಲ್‌ನ ಸೊಂಟಕ್ಕೆ ಸುತ್ತಿದ. ಹಿಂದೆಲ್ಲ ಒಂದೇ ಸುತ್ತಿಗೆ ಮುಗಿಯುತ್ತಿದ್ದ ಹಗ್ಗ ಈಗ ಎರಡು ಸುತ್ತು ಬಂದು ಇನ್ನೂ ಮಿಕ್ಕಿತು. "ಬಿಗೀಲಾ?" ಎಂದು ಬಿಗಿದ. ಗಾಯದ ಗುರುತಿನ ಮೇಲೆ ಹಗ್ಗ ಕೂತಿತು. ಬೇಲಿಯ ಆಚೆ ಹೆಂಡತಿ ನಿಂತಿದ್ದಳು. ಅವಳ ಒಂದು ಕೈ ಆಗಲೇ ಗೇಟಿನ ಚಿಲಕದ ಮೇಲಿತ್ತು. ಮ್ಯಾನೇಜರು ಸೀಟಿಯನ್ನು ಬಾಯಿಗಿಟ್ಟರು.

"ನನ್ನ ಹೊಟ್ಟೆ ಕತ್ತರಿಸಿದ್ದಾರೆ" ಎಂದು ಡಬಲ್ ಕೂಗಿದ.

ಸೀಟಿ ಮ್ಯಾನೇಜರ ಬಾಯಿಂದ ಕೆಳಗೆ ಬಿತ್ತು. ಎರಡೂ ಕಡೆಯವರು ಹಗ್ಗ ಬಿಟ್ಟರು.

"ಯಾರು ಕತ್ತರಿಸಿದ್ದು?" ಎಂದರು ಲೆಕ್ಕಪತ್ರದ ಸಾಹೇಬರು. "ನಮ್ಮವರು ಯಾರೂ ಅಲ್ಲ. ನಾವೆಲ್ಲ ಇಲ್ಲೇ ಇದ್ವಿ."

ಆಗ ಡಬಲ್ ಎಲ್ಲವನ್ನೂ ಹೇಳಿದ. ತೂಕ, ಸಕ್ಕರೆ, ನಿಲ್ಲುತ್ತಿದ್ದ ಉಸಿರು, ಆಪರೇಷನ್, ಎರಡು ಚಮಚದ ಹೊಟ್ಟೆ, ಅರವತ್ತು ಗ್ರಾಂ, ಮೊಟ್ಟೆಯೊಳಗಿನ ನೀರು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಹಗ್ಗದ ಗಂಟಿಗೆ ಹೇಳುವವನಂತೆ ತಲೆ ಬಗ್ಗಿಸಿ ಹೇಳಿದ.

"ಹಾಗಾದ್ರೆ ಆ ಡಬ್ಬಿ?" ಸಾಹೇಬರ ದನಿ ಸಣ್ಣಗಾಗಿತ್ತು.

"ನನಗೆ ಆಸ್ಪತ್ರೆಯವರು ಹೇಳಿದ್ದು ಸಾರ್."

"ನಾವು ಕುಡಿದದ್ದು?"

"ಕುಡಿದ್ರಿ ಸಾರ್. ಎಲ್ಲರಿಗೂ ಆಗೋದಲ್ಲ ಅಂತ ನಾನು ಅಂದಿದ್ದೆ."

ಇಡೀ ಲೆಕ್ಕಪತ್ರ ವಿಭಾಗ ಒಟ್ಟಿಗೆ ತಂತಮ್ಮ ಹೊಟ್ಟೆ ಮುಟ್ಟಿಕೊಂಡಿತು.

ಎಲೆಕ್ಟ್ರಿಷಿಯನ್ ಮುಂದೆ ಬಂದ. ಗಂಟು ಬಿಚ್ಚಿದ. ಬಿಚ್ಚುವಾಗ ಮಾತ್ರ, ಸುಟ್ಟ ತಂತಿ ಮುಟ್ಟುವವನ ಹಾಗೆ, ಬೆರಳ ತುದಿಯಲ್ಲಿ ನಾಜೂಕಾಗಿ ಬಿಚ್ಚಿದ. ಆಮೇಲೆ ಆ ತುದಿಯನ್ನು ತನ್ನ ಸೊಂಟಕ್ಕೇ ಸುತ್ತಿಕೊಂಡು ನಿಂತ. ಏಣಿಯಂಥ ಮನುಷ್ಯ, ಸೀಟಿ ಊದುತ್ತಲೇ ಅವನೂ ಅವನ ತಂಡವೂ ಗೆರೆ ದಾಟಿ, ಶಾಮಿಯಾನ ದಾಟಿ, ಕುರ್ಚಿಗಳ ತನಕ ಹೊಟ್ಟೆಯ ಮೇಲೆ ಜಾರಿಕೊಂಡು ಹೋದರು. ಮೇಲಿನವರಿಗೆ ಗೆದ್ದದ್ದು ಮೊದಲು ಗೊತ್ತೇ ಆಗಲಿಲ್ಲ, ಎಳೆಯುತ್ತಲೇ ಇದ್ದರು.

ಊಟದ ಹೊತ್ತಿಗೆ ಡಬಲ್ ಬೆಂಚಿನ ತುದಿಯಲ್ಲಿ ಒಬ್ಬನೇ ಕೂತ. ಹೆಂಡತಿ ಒಂದು ಪುಟ್ಟ ಡಬ್ಬಿ ಕೈಗಿತ್ತು, ಅವನ ಬೆನ್ನ ಮೇಲೊಮ್ಮೆ ಕೈಯಾಡಿಸಿ ಅಂಗಡಿಗೆ ಹೋಗಿದ್ದಳು. ಇನ್ನು ನಾಳೆಯಿಂದ ಲಿಫ್ಟಿನಲ್ಲಿ ಏನೇನು ಕೇಳಬೇಕೋ ಎಂದು ಯೋಚಿಸುತ್ತಿದ್ದ. ಮೊಟ್ಟೆಯ ಒಂದು ಚೂರನ್ನು ಬಾಯಿಗಿಟ್ಟು, ಆಹಾರ ತಜ್ಞೆ ಹೇಳಿದಂತೆ ನೀರಾಗುವ ತನಕ ಅಗಿದ. ಎಲೆಕ್ಟ್ರಿಷಿಯನ್ ತಟ್ಟೆ ಹಿಡಿದು ಬಂದು ಎದುರಿಗೆ ಕೂತ. ಅವನ ಅಂಗಿಯ ಮುಂಭಾಗವೆಲ್ಲ ಮಣ್ಣು, ಗದ್ದದ ಮೇಲೆ ಹುಲ್ಲು. ತಟ್ಟೆ ಖಾಲಿ ಮಾಡಿದ. ಎದ್ದು ಹೋಗಿ ಇನ್ನೊಮ್ಮೆ ಬಡಿಸಿಕೊಂಡು ಬಂದು, ಅದನ್ನೂ ಖಾಲಿ ಮಾಡಿದ. ತಲೆಯೆತ್ತಿ ನೋಡಿದರೆ ಡಬಲ್ ಇನ್ನೂ ಅಗಿಯುತ್ತಿದ್ದ.

"ಅದೇ ಮೊಟ್ಟೇನಾ?"

ಡಬಲ್ ತಲೆಯಾಡಿಸಿದ. ನುಂಗಿದ ಮೇಲೆ ಹೇಳಿದ: "ಅದೇ. ಅರ್ಧ ಆಗಿದೆ."

"ಬೇಗ ತಿಂದ್ರೆ?"

"ವಾಪಸ್ ಬರುತ್ತೆ."

"ದಿನಾಲೂ ಹೀಗೇನಾ?"

"ದಿನಾಲೂ."

"ನನಗೆ ಹೇಳಿದ್ರೆ ನಾನೇನು ನಗ್ತಿದ್ನಾ?"

ಡಬಲ್ ಯೋಚಿಸಿದ. "ನಗ್ತಿದ್ದೆ."

"ಅದೂ ನಿಜವೇ" ಎಂದ ಎಲೆಕ್ಟ್ರಿಷಿಯನ್. ಗದ್ದದ ಹುಲ್ಲು ಒರೆಸಿಕೊಂಡು, ಡಬಲ್‌ನ ದವಡೆ ಏಳುವುದನ್ನೂ ಇಳಿಯುವುದನ್ನೂ ಬಹಳ ಹೊತ್ತು ನೋಡಿದ. ನೋಡುತ್ತ ನೋಡುತ್ತ ಅವನ ಮುಖದಲ್ಲಿ ಒಂದು ಕಳೆ ಬಂತು. ಬೆಂಚಿನಿಂದ ಎದ್ದು ನಿಂತು ಶಾಮಿಯಾನದ ಆ ತುದಿಗೆ ಕೂಗಿ ಹೇಳಿದ.

"ಮ್ಯಾನೇಜರ್ ಸಾರ್, ಸ್ಲೋ ಸೈಕಲ್ ರೇಸ್ ಇರೋ ಹಾಗೆ ಮುಂದಿನ ವರ್ಷ ಒಂದು ಸ್ಪರ್ಧೆ ಸೇರಿಸ್ಕೊಳ್ಳಿ. ನಿಧಾನವಾಗಿ ತಿನ್ನೋದು. ಕೊನೇಲಿ ಮುಗಿಸಿದವನು ಗೆದ್ದ. ಕೆಳಗಿನವರ ಕಡೆಯಿಂದ ಡಬಲ್. ಮೇಲಿನವರಲ್ಲಿ ಗಂಡಸರಿದ್ರೆ ಬರಲಿ."

ಗೆದ್ದವರ ಮೇಜಿನಲ್ಲಿ ಲೆಕ್ಕಪತ್ರದ ಸಾಹೇಬರು ಬಾಯಿಗೆ ಹೋಗುತ್ತಿದ್ದ ಚಮಚವನ್ನು ಅರ್ಧದಲ್ಲಿ ನಿಲ್ಲಿಸಿದರು. ಡಬಲ್‌ನ ಕಡೆ ಒಂದು ಕಳ್ಳನೋಟ ಹಾಯಿಸಿದರು. ಆಮೇಲೆ ಚಮಚದಲ್ಲಿದ್ದುದರಲ್ಲಿ ಅರ್ಧವನ್ನು ತಟ್ಟೆಗೆ ಸುರಿದು, ಉಳಿದರ್ಧವನ್ನು ಬಾಯಿಗಿಟ್ಟು, ಬಹಳ ನಿಧಾನವಾಗಿ ಅಗಿಯತೊಡಗಿದರು.